ಪೇರ್ ಪ್ರೋಗ್ರಾಮಿಂಗ್ ತಂಡಕ್ಕೆ ಏನು ಮಾಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಬ್ಬರು ಕೂತು ಒಟ್ಟಿಗೆ ಕೋಡ್ ಬರೆಯೋಣ ಅಂದರೆ ಹೆಚ್ಚಿನ ತಂಡಗಳಲ್ಲಿ ಮೊದಲು ಹುಟ್ಟುವುದು ಅನುಮಾನ. ಮ್ಯಾನೇಜರ್‌ಗೆ ಖರ್ಚಿನ ಚಿಂತೆ. ಡೆವಲಪರ್‌ಗೆ ತನ್ನ ಪಾಡಿಗೆ ತಾನು ಕೆಲಸ ಮಾಡುವ ನೆಮ್ಮದಿ ಹೋಗುತ್ತದೆ ಎಂಬ ಚಿಂತೆ. ಎರಡೂ ನ್ಯಾಯವಾದ ಚಿಂತೆಗಳೇ. ಆದರೆ ಇದರ ಲಾಭ ಹೆಚ್ಚಾಗಿ ಸಿಗುವುದು ಕೂತ ಇಬ್ಬರಿಗಲ್ಲ, ಅವರ ಇಡೀ ತಂಡಕ್ಕೆ. ಅದನ್ನು ಅರ್ಥ ಮಾಡಿಕೊಳ್ಳದೆ ಶುರು ಮಾಡಿದ ತಂಡಗಳು ಬೇಗ ಕೈಬಿಡುತ್ತವೆ. ಹಾಗಾಗಿ ಇಲ್ಲಿನ ಉತ್ತರಗಳೆಲ್ಲ ತಂಡದ ಕಡೆಯಿಂದಲೇ ನೋಡಿ ಬರೆದವು.

ಪೇರ್ ಪ್ರೋಗ್ರಾಮಿಂಗ್ ಅಂದರೆ ಸರಿಯಾಗಿ ಏನು?

ಒಂದೇ ಕೆಲಸವನ್ನು ಇಬ್ಬರು, ಒಂದೇ ಹೊತ್ತಿನಲ್ಲಿ, ಒಂದೇ ಸ್ಕ್ರೀನ್ ನೋಡುತ್ತಾ ಮಾಡುವುದು. ಕೀಬೋರ್ಡ್ ಹಿಡಿದವರನ್ನು ಡ್ರೈವರ್ ಅನ್ನುತ್ತಾರೆ, ಜೊತೆಗಿರುವವರನ್ನು ನ್ಯಾವಿಗೇಟರ್ ಅನ್ನುತ್ತಾರೆ. ಸ್ವಲ್ಪ ಹೊತ್ತಿಗೊಮ್ಮೆ ಜಾಗ ಬದಲಾಗುತ್ತದೆ.

ಡ್ರೈವರ್ ಈಗಿನ ಸಾಲಿನ ಬಗ್ಗೆ ಯೋಚಿಸುತ್ತಾರೆ, ನ್ಯಾವಿಗೇಟರ್ ದೂರದ ದಾರಿ ನೋಡುತ್ತಾರೆ ಎಂದು ಎಲ್ಲ ಕಡೆ ಬರೆದಿರುತ್ತದೆ. ಕಂಪನಿಗಳಲ್ಲಿ ಕೆಲಸ ಮಾಡುವ ಜೋಡಿಗಳ ಮಾತುಕತೆಯನ್ನು ಸಂಶೋಧಕಿ ಸ್ಯಾಲಿಯನ್ ಬ್ರಯಂಟ್ ಮತ್ತು ಜೊತೆಗಾರರು ಕೂತು ಕೇಳಿದಾಗ ಕಂಡದ್ದು ಬೇರೆ. ಇಬ್ಬರೂ ಹೆಚ್ಚು ಹೊತ್ತು ಒಂದೇ ಮಟ್ಟದಲ್ಲಿ ಮಾತಾಡುತ್ತಿದ್ದರು. ಹಾಗಾಗಿ ಡ್ರೈವರ್, ನ್ಯಾವಿಗೇಟರ್ ಅನ್ನುವುದನ್ನು ಕೆಲಸದ ಹಂಚಿಕೆ ಅಂದುಕೊಳ್ಳಬೇಡಿ. ಯಾರ ಕೈಯಲ್ಲಿ ಕೀಬೋರ್ಡ್ ಇದೆ ಅನ್ನುವುದಷ್ಟೇ ವ್ಯತ್ಯಾಸ. ಯೋಚನೆ ಇಬ್ಬರದೂ.

ಒಬ್ಬರು ಬರೆಯುತ್ತಿದ್ದು ಇನ್ನೊಬ್ಬರು ಸುಮ್ನೆ ಫೋನ್ ನೋಡುತ್ತಾ ಕೂತಿದ್ದರೆ ಅದು ಪೇರ್ ಪ್ರೋಗ್ರಾಮಿಂಗ್ ಅಲ್ಲ.

ಇದು ಹೊಸ ಪದ್ಧತಿಯಾ?

ಅಲ್ಲ. ಐಬಿಎಂ ಕಂಪನಿಯ ಸಿಸ್ಟಮ್/360 ಕಂಪ್ಯೂಟರ್ ಯೋಜನೆ ನಡೆಸಿದ ಫ್ರೆಡ್ ಬ್ರೂಕ್ಸ್ 1953ರಿಂದ 1956ರವರೆಗೆ ಓದುತ್ತಿದ್ದಾಗಲೇ ಬಿಲ್ ರೈಟ್ ಎಂಬ ಸಹಪಾಠಿಯ ಜೊತೆ ಹೀಗೆ ಕೋಡ್ ಬರೆದಿದ್ದರು. ಅದಕ್ಕೊಂದು ಹೆಸರು, ಒಂದು ಶಿಸ್ತು ಬಂದದ್ದು 1990ರ ದಶಕದಲ್ಲಿ. ಕ್ರೈಸ್ಲರ್ ಕಾರು ಕಂಪನಿಯ ಸಂಬಳ ಲೆಕ್ಕ ಹಾಕುವ ಯೋಜನೆಗೆ 1996ರಲ್ಲಿ ಕೆಂಟ್ ಬೆಕ್ ಬಂದರು. ಅಲ್ಲಿ ರೂಪುಗೊಂಡ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಸಾಫ್ಟ್‌ವೇರ್ ಬರೆಯುವ ಪದ್ಧತಿಯಲ್ಲಿ ಇದೂ ಒಂದು ಮುಖ್ಯ ನಿಯಮವಾಯಿತು. ಗೂಗಲ್‌ನ ಜೆಫ್ ಡೀನ್ ಮತ್ತು ಸಂಜಯ್ ಘೆಮಾವತ್ ವರ್ಷಗಟ್ಟಲೆ ಒಂದೇ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡಿದವರು. ದೊಡ್ಡ ಡೇಟಾವನ್ನು ಬಹಳಷ್ಟು ಕಂಪ್ಯೂಟರ್‌ಗಳಿಗೆ ಹಂಚಿ ಲೆಕ್ಕ ಹಾಕುವ ಮ್ಯಾಪ್‌ರೆಡ್ಯೂಸ್ ಆ ಜೋಡಿಯದೇ ಕೆಲಸ.

ಇಬ್ಬರಿಗೆ ಒಂದೇ ಕೆಲಸ ಕೊಟ್ಟರೆ ಖರ್ಚು ಎರಡರಷ್ಟು ಆಗಲ್ವಾ?

ಎಲ್ಲರಿಗೂ ಮೊದಲು ಬರುವ ಪ್ರಶ್ನೆ ಇದು. ಕೋಡ್ ಬರೆಯುವುದು ಅಂದರೆ ಬರೀ ಟೈಪ್ ಮಾಡುವುದಾಗಿದ್ದರೆ ಉತ್ತರ ಹೌದು ಅಂತಲೇ ಆಗುತ್ತಿತ್ತು. ಡೆವಲಪರ್ ಒಬ್ಬರ ದಿನವನ್ನು ಹತ್ತಿರದಿಂದ ನೋಡಿ. ಹೊತ್ತು ಹೋಗುವುದು ಹಳೇ ಕೋಡ್ ಓದುವುದರಲ್ಲಿ, ಸಿಕ್ಕಿಹಾಕಿಕೊಂಡು ಒದ್ದಾಡುವುದರಲ್ಲಿ, ತಪ್ಪು ದಾರಿ ಹಿಡಿದು ವಾಪಸ್ ಬರುವುದರಲ್ಲಿ. ಜೊತೆಗೊಬ್ಬರಿದ್ದರೆ ಕಮ್ಮಿಯಾಗುವುದು ಈ ಹೊತ್ತು.

ಅಳೆದವರು ಏನು ಕಂಡರು ಅನ್ನುವುದನ್ನು ಪೂರ್ತಿ ಹೇಳುತ್ತೇನೆ, ಯಾಕೆಂದರೆ ಜನ ತಮಗೆ ಬೇಕಾದ ಅರ್ಧ ಮಾತ್ರ ಹೇಳುತ್ತಾರೆ. 1999ರಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿ ಲಾರಿ ವಿಲಿಯಮ್ಸ್ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. ಮೊದಲ ಅಸೈನ್‌ಮೆಂಟ್‌ನಲ್ಲಿ ಜೋಡಿಗಳಿಗೆ ಒಟ್ಟು ಗಂಟೆಗಳ ಲೆಕ್ಕದಲ್ಲಿ ಸುಮಾರು 60% ಜಾಸ್ತಿ ಹಿಡಿಯಿತು. ಒಬ್ಬರಿಗೊಬ್ಬರು ಹೊಂದಿಕೊಂಡ ಮೇಲೆ ಅದು 15%ಗೆ ಇಳಿಯಿತು. ಅವರ ಕೋಡ್‌ನಲ್ಲಿ ತಪ್ಪುಗಳೂ ಸುಮಾರು 15% ಕಮ್ಮಿ ಇದ್ದವು. ಪರವಾಗಿ ಮಾತಾಡುವವರೆಲ್ಲ ಎತ್ತಿ ಹೇಳುವುದು ಇದನ್ನೇ.

ಇನ್ನೊಂದು ಕಡೆ ನೋಡಿ. 2007ರಲ್ಲಿ ಪ್ರಕಟವಾದ ಎರಿಕ್ ಆರಿಸ್‌ಹೋಮ್ ಮತ್ತು ಜೊತೆಗಾರರ ಅಧ್ಯಯನದಲ್ಲಿ ವಿದ್ಯಾರ್ಥಿಗಳಲ್ಲ, ನಾರ್ವೆ, ಸ್ವೀಡನ್, ಬ್ರಿಟನ್‌ನ 295 ಮಂದಿ ವೃತ್ತಿಪರ ಜಾವಾ ಡೆವಲಪರ್‌ಗಳಿದ್ದರು. ಅಲ್ಲಿ ಜೋಡಿಗಳಿಗೆ ಒಟ್ಟಾರೆ 84% ಜಾಸ್ತಿ ಶ್ರಮ (ಇಬ್ಬರ ಹೊತ್ತೂ ಕೂಡಿಸಿದರೆ) ಬೇಕಾಯಿತು. ಆದರೆ ಕ್ಲಿಷ್ಟವಾದ ಸಿಸ್ಟಮ್‌ನಲ್ಲಿ ಸರಿಯಾದ ಉತ್ತರಗಳ ಪ್ರಮಾಣ 48% ಏರಿತು. ಸರಳ ಸಿಸ್ಟಮ್‌ನಲ್ಲಿ ಅಂಥ ಲಾಭ ಕಾಣಲಿಲ್ಲ, ಕೆಲಸ ಮಾತ್ರ 20% ಬೇಗ ಮುಗಿಯಿತು. 2009ರಲ್ಲಿ 18 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಇದೇ ಚಿತ್ರ: ಗುಣಮಟ್ಟ ಸ್ವಲ್ಪ ಮೇಲು, ಕೆಲಸ ಬೇಗ ಮುಗಿಯುತ್ತದೆ, ಒಟ್ಟು ಶ್ರಮ ಜಾಸ್ತಿ.

ಅಂದರೆ ಪುಕ್ಕಟೆ ಅಲ್ಲ. ಖರ್ಚು ಖಂಡಿತ ಇದೆ. ಆದರೆ ಈ ಪ್ರಯೋಗಗಳೆಲ್ಲ ಕೆಲವು ಗಂಟೆಗಳದ್ದು, ಹೆಚ್ಚೆಂದರೆ ಕೆಲವು ವಾರಗಳದ್ದು. ಆರು ತಿಂಗಳ ನಂತರ ಅದೇ ಕೋಡ್‌ಗೆ ಬೇರೆ ಯಾರೋ ಕೈ ಹಾಕಬೇಕಾಗಿ ಬಂದಾಗ ಎಷ್ಟು ಹೊತ್ತು ಉಳಿಯಿತು ಅನ್ನುವುದು ಇವುಗಳ ಲೆಕ್ಕಕ್ಕೆ ಬರುವುದೇ ಇಲ್ಲ. ತಂಡಕ್ಕೆ ಆಗುವ ದೊಡ್ಡ ಲಾಭ ಅಲ್ಲೇ ಇರುವುದು.

ಬಗ್ ನಿಜವಾಗ್ಲೂ ಕಮ್ಮಿ ಆಗುತ್ತಾ? ಹೇಗೆ?

ಒಂದು ಉದಾಹರಣೆ ನೋಡೋಣ. ಹಣ ಪಾವತಿಯ ಕೋಡ್. ಹೊರಗಿನ ಪೇಮೆಂಟ್ ಸರ್ವಿಸ್ ಆಗಾಗ ಉತ್ತರ ಕೊಡದೆ ಟೈಮ್‌ಔಟ್ ಆಗುತ್ತಿದೆ, ಅದಕ್ಕೊಂದು ಪರಿಹಾರ ಬೇಕು ಅಂತ ಟಿಕೆಟ್ (ಮಾಡಬೇಕಾದ ಕೆಲಸದ ನಮೂದು) ಬಂದಿದೆ. ಡ್ರೈವರ್ ಒಂದು ಲೂಪ್ ಬರೆಯುತ್ತಾರೆ: ಟೈಮ್‌ಔಟ್ ಆದರೆ ಮೂರು ಸಲ ಮತ್ತೆ ಪ್ರಯತ್ನಿಸು. ಟೆಸ್ಟ್ ಓಡಿಸಿದರೆ ಎಲ್ಲಾ ಹಸಿರು, ಅಂದರೆ ಪಾಸ್. ಒಬ್ಬರೇ ಇದ್ದಿದ್ದರೆ ಕಮಿಟ್ ಆಗಿ (ಕೋಡ್‌ನಲ್ಲಿ ದಾಖಲಾಗಿ) ಹೋಗುತ್ತಿತ್ತು. ಪಕ್ಕದಲ್ಲಿದ್ದವರು ಕೇಳುತ್ತಾರೆ:

"ಒಂದ್ನಿಮಿಷ. ಟೈಮ್‌ಔಟ್ ಆಯ್ತು ಅಂದ್ರೆ ಪೇಮೆಂಟ್ ಆಗಿಲ್ಲ ಅಂತಾನಾ? ದುಡ್ಡು ಕಟ್ ಆಗಿ, ಉತ್ತರ ಮಾತ್ರ ಬರದೇ ಇರಬಹುದಲ್ವಾ?"

"ಹೌದಲ್ಲ. ಹಾಗಾದ್ರೆ ಎರಡನೇ ಸಲ ಮತ್ತೆ ಕಟ್ ಆಗುತ್ತೆ."

"ಪ್ರತಿ ಆರ್ಡರ್‌ಗೂ ಒಂದು ಕೀ ಕಳಿಸೋಣ. ಅದೇ ಕೀ ಎರಡನೇ ಸಲ ಹೋದ್ರೆ ಅವರ ಕಡೆ ಹೊಸದಾಗಿ ಚಾರ್ಜ್ ಮಾಡಬಾರದು. ಅವರ ಎಪಿಐನಲ್ಲಿ ಅದು ಇದೆಯಾ ನೋಡಿ."

ಟೆಸ್ಟ್ ಯಾಕೆ ಹಿಡಿಯಲಿಲ್ಲ? ಆ ಟೆಸ್ಟ್ ಬರೆದ ತಲೆಯೂ ಲೂಪ್ ಬರೆದ ತಲೆಯೂ ಒಂದೇ. ತಾನು ಊಹಿಸಿಕೊಂಡಿದ್ದನ್ನು ಅದು ಪ್ರಶ್ನೆ ಮಾಡುವುದಿಲ್ಲ. ಜೊತೆಗಾರರು ಕಾಣೆಯಾದ ಸೆಮಿಕೋಲನ್ ಹಿಡಿಯಲಿ ಅಂತ ಕೂರಿಸುವುದಿಲ್ಲ, ಅದನ್ನು ಎಡಿಟರ್ ಹಿಡಿಯುತ್ತದೆ. ನಾವು ಗೊತ್ತಿಲ್ಲದೇ ನಿಜ ಅಂದುಕೊಂಡಿದ್ದನ್ನು ಕೇಳಲಿ ಅಂತ ಕೂರಿಸುವುದು.

ಹಾಗಾದರೆ ಕೋಡ್ ರಿವ್ಯೂ ಬೇಡವಾ?

ಕೆಲವು ತಂಡಗಳು ಪೇರ್ ಮಾಡಿದ ಕೋಡನ್ನು, ಇನ್ನೊಬ್ಬರು ಓದಿ ಪರಿಶೀಲಿಸುವ ರಿವ್ಯೂ ಇಲ್ಲದೆ, ನೇರವಾಗಿ ಮರ್ಜ್ ಮಾಡುತ್ತವೆ, ಅಂದರೆ ತಂಡದ ಮುಖ್ಯ ಕೋಡ್‌ಗೆ ಸೇರಿಸುತ್ತವೆ. ಬರೆಯುವಾಗಲೇ ಎರಡನೇ ಕಣ್ಣು ನೋಡಿ ಆಗಿದೆ ಅನ್ನುವುದು ಅವರ ವಾದ. ಬಹಳ ಮಟ್ಟಿಗೆ ಸರಿ. ಪುಲ್ ರಿಕ್ವೆಸ್ಟ್ (ಕೋಡ್ ಸೇರಿಸಲು ಒಪ್ಪಿಗೆ ಕೇಳುವ ಕೋರಿಕೆ) ಎರಡು ದಿನ ಕಾದು, ನಲವತ್ತು ಫೈಲ್ ನೋಡಿ ಸುಸ್ತಾಗಿ, ಕೊನೆಗೆ ಹೆಸರೊಂದನ್ನು ಬದಲಿಸಿ ಅಂತ ಮಾತ್ರ ಕಾಮೆಂಟ್ ಬರುವ ರಿವ್ಯೂಗಿಂತ ಇದು ಎಷ್ಟೋ ವಾಸಿ. ಆ ಹೊತ್ತಿಗೆ ವಿನ್ಯಾಸ ಗಟ್ಟಿಯಾಗಿಬಿಟ್ಟಿರುತ್ತದೆ, ಬುಡದಿಂದ ಬದಲಿಸಿ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಆದರೂ ಭದ್ರತೆ, ಹಣ, ವೈಯಕ್ತಿಕ ಮಾಹಿತಿ ಮುಟ್ಟುವ ಕೋಡ್‌ಗೆ ಜೋಡಿಯ ಹೊರಗಿನವರೊಬ್ಬರು ನೋಡಲಿ. ಇಬ್ಬರು ಗಂಟೆಗಟ್ಟಲೆ ಒಟ್ಟಿಗಿದ್ದರೆ ಒಂದೇ ಕುರುಡು ಜಾಗಕ್ಕೆ ಬೀಳಬಹುದು. ನಿಮ್ಮ ಕ್ಷೇತ್ರದ ಆಡಿಟ್ ನಿಯಮ ಬೇರೆಯವರ ಒಪ್ಪಿಗೆ ಬೇಕು ಅಂದರೆ ಅದಕ್ಕೆ ಎದುರು ಮಾತಿಲ್ಲ.

ತಂಡದಲ್ಲಿ ಏನು ಬದಲಾಗುತ್ತದೆ?

ಮೊದಲು ಕಾಣುವುದು ರಜೆಯಲ್ಲಿ. ಪ್ರತಿ ತಂಡದಲ್ಲೂ ಒಂದು ಮೂಲೆ ಇರುತ್ತದೆ. ಬಿಲ್ಲಿಂಗ್ ಮಾಡ್ಯೂಲೋ, ಹಳೇ ರಿಪೋರ್ಟ್ ಸ್ಕ್ರಿಪ್ಟೋ, ಡಿಪ್ಲಾಯ್‌ಮೆಂಟ್ ಸೆಟಪ್ಪೋ. ಅದು ಒಬ್ಬರಿಗೆ ಮಾತ್ರ ಗೊತ್ತು. ಅವರು ರಜೆ ಹಾಕಿದ ದಿನವೇ ಅದು ಕೆಡುತ್ತದೆ, ಅವರಿಗೆ ಫೋನ್ ಹೋಗುತ್ತದೆ. ಅವರು ಕೆಲಸ ಬಿಟ್ಟರಂತೂ ಮುಗಿಯಿತು. ಎಷ್ಟು ಜನ ಒಮ್ಮೆಲೇ ಇಲ್ಲವಾದರೆ ಯೋಜನೆ ನಿಂತುಹೋಗುತ್ತದೆ ಎಂಬ ಸಂಖ್ಯೆಗೆ ಬಸ್ ಫ್ಯಾಕ್ಟರ್ ಅನ್ನುತ್ತಾರೆ. ಆ ಸಂಖ್ಯೆ 1 ಇರುವ ಕಡೆ ತಂಡ ನಿಂತಿರುವುದು ಅದೃಷ್ಟದ ಮೇಲೆ.

ಇದಕ್ಕೆ ಡಾಕ್ಯುಮೆಂಟ್ ಬರೆಸಿ ಅನ್ನುತ್ತಾರೆ. ಬರೆಸಿ, ಒಳ್ಳೆಯದೇ. ಆದರೆ ಡಾಕ್ಯುಮೆಂಟ್‌ನಲ್ಲಿ ಕೋಡ್ ಏನು ಮಾಡುತ್ತದೆ ಅಂತ ಇರುತ್ತದೆ. ಹೀಗೆ ಯಾಕೆ ಮಾಡಿದೆವು, ಬೇರೆ ಯಾವ ದಾರಿ ಬಿಟ್ಟೆವು, ಎಲ್ಲಿ ಹುಷಾರಾಗಿರಬೇಕು ಅನ್ನುವುದು ಬರುವುದು ಬಾಯಿಮಾತಿನಲ್ಲೇ, ಅದೂ ಕೆಲಸ ಮಾಡುತ್ತಿರುವಾಗ. ಪೇರ್ ಮಾಡುವಾಗ ಇದು ತಾನಾಗಿ ದಾಟುತ್ತದೆ. ಯಾರೂ ಜ್ಞಾನ ಹಂಚಿಕೆಯ ಮೀಟಿಂಗ್ ಕರೆಯಬೇಕಾಗಿಲ್ಲ.

ಆದರೆ ಒಂದು ಷರತ್ತಿದೆ. ಜೋಡಿ ಬದಲಾಗುತ್ತಿರಬೇಕು. ಅದೇ ಇಬ್ಬರು ತಿಂಗಳುಗಟ್ಟಲೆ ಒಟ್ಟಿಗಿದ್ದರೆ ಬಸ್ ಫ್ಯಾಕ್ಟರ್ 1 ಇದ್ದದ್ದು 2 ಆಗುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ. ಜೊತೆಗೆ ತಂಡದೊಳಗೆ ಪುಟ್ಟ ಗುಂಪುಗಳಾಗುತ್ತವೆ. ಒಂದು ಕೆಲಸ ನಡೆಯುತ್ತಿರುವಾಗ ಒಬ್ಬರು ಅದರಲ್ಲೇ ಉಳಿದು, ಇನ್ನೊಬ್ಬರು ಒಂದೆರಡು ದಿನಕ್ಕೆ ಬದಲಾಗುವುದು ಚೆನ್ನಾಗಿ ನಡೆಯುತ್ತದೆ. ಉಳಿದವರು ಹೊಸಬರಿಗೆ ವಿವರಿಸಲೇಬೇಕು. ಹಾಗೆ ವಿವರಿಸುವಾಗ ತಮ್ಮದೇ ತಪ್ಪು ಅವರಿಗೆ ಕಾಣುವುದು ಎಷ್ಟೋ ಸಲ.

ಎರಡನೇ ಬದಲಾವಣೆ ಮೆಲ್ಲಗೆ ಆಗುತ್ತದೆ. ಕೋಡ್ ಯಾರದು ಅನ್ನುವ ಮಾತು ಕರಗುತ್ತದೆ. 'ನಿನ್ನ ಮಾಡ್ಯೂಲ್ ಕೆಟ್ಟಿದೆ' ಅನ್ನುವುದು 'ನಮ್ಮ ಬಿಲ್ಲಿಂಗ್ ಕೆಟ್ಟಿದೆ' ಆಗುತ್ತದೆ. ಪ್ರೊಡಕ್ಷನ್ (ಬಳಕೆದಾರರು ಬಳಸುವ ಸಿಸ್ಟಮ್) ಬಿದ್ದ ರಾತ್ರಿ ಈ ವ್ಯತ್ಯಾಸಕ್ಕೆ ಎಷ್ಟು ಬೆಲೆ ಅಂತ ಅನುಭವಿಸಿದವರಿಗೆ ಗೊತ್ತು. ಜೊತೆಗೆ ತಂಡದ ಕೋಡ್ ಶೈಲಿಯೂ ಒಂದೇ ಹದಕ್ಕೆ ಬರುತ್ತದೆ. ಯಾವ ಫೈಲ್ ತೆಗೆದರೂ ಯಾರು ಬರೆದದ್ದು ಅಂತ ಹೇಳಲು ಕಷ್ಟವಾಗುತ್ತದೆ, ಓದಲು ಸುಲಭವಾಗುತ್ತದೆ.

ಸೀನಿಯರ್ ಜೊತೆ ಫ್ರೆಶರ್ ಕೂತರೆ ಸೀನಿಯರ್ ಸಮಯ ಹಾಳಲ್ವಾ?

ನಿಧಾನ ಆಗುತ್ತದೆ, ನಿಜ. ಆದರೆ ಆ ಫ್ರೆಶರ್ ಒಬ್ಬರೇ ಕೂತು ಅರ್ಧ ದಿನ ಒಂದೇ ಎರರ್ ಜೊತೆ ಗುದ್ದಾಡಿ, ಕೇಳಲು ಸಂಕೋಚಪಟ್ಟು, ಸಂಜೆ ಕೇಳಿದಾಗ ಅದು ಎರಡು ನಿಮಿಷದ ಉತ್ತರ ಅಂತ ಗೊತ್ತಾಗುವುದಕ್ಕೆ ಯಾರೂ ಲೆಕ್ಕ ಇಟ್ಟಿರುವುದಿಲ್ಲ. ಮೇಲೆ ಹೇಳಿದ 2007ರ ಅಧ್ಯಯನದಲ್ಲೂ ಅತಿ ಹೆಚ್ಚು ಲಾಭ ಪಡೆದವರು ಕ್ಲಿಷ್ಟ ಸಿಸ್ಟಮ್ ಮೇಲೆ ಕೆಲಸ ಮಾಡಿದ ಕಿರಿಯರೇ.

ಹೊಸಬರು ಕಲಿಯುವುದು ಬರೀ ಕೋಡ್ ಅಲ್ಲ. ಸೀನಿಯರ್ ಲಾಗ್ ಹೇಗೆ ಓದುತ್ತಾರೆ, ಯಾವ ಶಾರ್ಟ್‌ಕಟ್ ಬಳಸುತ್ತಾರೆ, ಗೊತ್ತಿಲ್ಲದಿದ್ದಾಗ ಎಲ್ಲಿ ಹುಡುಕುತ್ತಾರೆ, ಎಷ್ಟು ಸಲ ಅವರಿಗೂ ಗೊತ್ತಿರುವುದಿಲ್ಲ. ಈ ಕೊನೆಯದು ಹೊಸಬರಿಗೆ ತುಂಬಾ ಧೈರ್ಯ ಕೊಡುತ್ತದೆ.

ಕೀಬೋರ್ಡ್ ಜಾಸ್ತಿ ಹೊತ್ತು ಫ್ರೆಶರ್ ಕೈಯಲ್ಲೇ ಇರಲಿ. ಸೀನಿಯರ್ ಕೈಗೆ ಕೊಟ್ಟರೆ ಕೋಡ್ ಸರಸರನೆ ಓಡುತ್ತದೆ, ಹೊಸಬರು ಹಿಂದೆ ಉಳಿಯುತ್ತಾರೆ, ಅರ್ಥವಾಯಿತಾ ಅಂದರೆ ಹೂಂ ಅನ್ನುತ್ತಾರೆ. ಐಡಿಯಾ ಒಬ್ಬರದಾದರೆ ಟೈಪ್ ಮಾಡುವುದು ಇನ್ನೊಬ್ಬರು ಎಂಬ ನಿಯಮ ಇಟ್ಟುಕೊಂಡ ಪದ್ಧತಿಯೂ ಇದೆ, ಸ್ಟ್ರಾಂಗ್ ಸ್ಟೈಲ್ ಅನ್ನುತ್ತಾರೆ. ಕಲಿಸುವ ಜೋಡಿಗೆ ಅದು ಚೆನ್ನಾಗಿ ಹೊಂದುತ್ತದೆ.

ಇಬ್ಬರೂ ಫ್ರೆಶರ್ ಆದರೆ?

ಕಲಿಕೆಗೆ ಅಡ್ಡಿಯಿಲ್ಲ. ಆದರೆ ಇಬ್ಬರೂ ಸೇರಿ ಧೈರ್ಯವಾಗಿ ತಪ್ಪು ದಾರಿ ಹಿಡಿಯಬಹುದು. ಮಧ್ಯೆ ಮಧ್ಯೆ ಒಬ್ಬ ಅನುಭವಿ ಬಂದು ಹತ್ತು ನಿಮಿಷ ನೋಡಿ ಹೋಗಲಿ.

ಎಲ್ಲ ಕೆಲಸಕ್ಕೂ ಇದೇ ಪದ್ಧತಿ ಬೇಕಾ?

ಬೇಡ. ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಇಡೀ ದಿನ, ಎಲ್ಲ ಕೆಲಸವೂ ಜೋಡಿಯಲ್ಲೇ ಆಗಬೇಕು ಅನ್ನುವ ನಿಯಮ ಕೆಲವು ತಂಡಗಳಿಗೆ ಒಗ್ಗುತ್ತದೆ, ಬಹಳಷ್ಟು ತಂಡಗಳನ್ನು ಸುಸ್ತು ಮಾಡುತ್ತದೆ. ಬಟನ್ ಬಣ್ಣ ಬದಲಿಸಲು, ಲೈಬ್ರರಿ ವರ್ಷನ್ ಏರಿಸಲು, ಒಂದೇ ಥರದ ಇಪ್ಪತ್ತು ಫಾರ್ಮ್ ಮಾಡಲು ಇಬ್ಬರು ಬೇಕಿಲ್ಲ. ಹೊಸ ಟೆಕ್ನಾಲಜಿ ಏನೆಂದು ತಿಳಿಯಲು ಓದುವ ಕೆಲಸವೂ ಒಬ್ಬರೇ ಮಾಡಿದರೆ ಚೆನ್ನ. ಓದುವ ವೇಗ ಎಲ್ಲರದೂ ಬೇರೆ.

ಇಬ್ಬರು ಬೇಕಾಗುವುದು ದಾರಿ ಸ್ಪಷ್ಟವಿಲ್ಲದ ಕಡೆ, ತಪ್ಪಿದರೆ ಬೆಲೆ ದೊಡ್ಡದಿರುವ ಕಡೆ, ಒಬ್ಬರಿಗೆ ಮಾತ್ರ ಗೊತ್ತಿರುವ ಮೂಲೆಗಳಲ್ಲಿ, ಎಲ್ಲಿಂದ ಬರುತ್ತದೆ ಅಂತ ತಿಳಿಯದ ಬಗ್ ಬೆನ್ನು ಹತ್ತಿದಾಗ, ಮತ್ತು ತಂಡಕ್ಕೆ ಹೊಸಬರು ಬಂದ ಮೊದಲ ವಾರಗಳಲ್ಲಿ.

ದಿನಕ್ಕೆ ಎಷ್ಟು ಹೊತ್ತು ಮಾಡಬಹುದು?

ಮೂರ್ನಾಲ್ಕು ಗಂಟೆ ಸಾಕು ಅನ್ನುವವರು ಜಾಸ್ತಿ. ತಲೆ ಬಿಡುವಿಲ್ಲದೆ ಓಡುವ ಕೆಲಸ ಇದು, ಒಬ್ಬರೇ ಇದ್ದಾಗ ಸಿಗುವ ಸಣ್ಣ ಸಣ್ಣ ವಿರಾಮ ಇಲ್ಲಿ ಸಿಗುವುದಿಲ್ಲ. 25 ನಿಮಿಷ ಕೆಲಸ, 5 ನಿಮಿಷ ವಿರಾಮ ಎಂಬ ಪೊಮೊಡೊರೊ ಲೆಕ್ಕ ಇಟ್ಟುಕೊಂಡು, ಪ್ರತಿ ವಿರಾಮಕ್ಕೆ ಕೀಬೋರ್ಡ್ ಬದಲಿಸುವುದು ಸುಲಭದ ಉಪಾಯ. ವಿರಾಮ ಅಂದರೆ ಎದ್ದು ಹೋಗುವುದು, ಮೇಲ್ ನೋಡುವುದಲ್ಲ.

ನನಗೆ ಒಬ್ಬರೇ ಕೂತರೆ ಮಾತ್ರ ತಲೆ ಓಡುತ್ತದೆ. ಏನು ಮಾಡಲಿ?

ನಿಮ್ಮಲ್ಲೇನೂ ದೋಷವಿಲ್ಲ. ಮಾತಾಡುತ್ತಾ ಯೋಚಿಸುವವರಿದ್ದಾರೆ, ಯೋಚಿಸಿ ಆಮೇಲೆ ಮಾತಾಡುವವರಿದ್ದಾರೆ. ಎರಡನೇ ಬಗೆಯವರನ್ನು ದಿನವಿಡೀ ಜೋಡಿ ಮಾಡಿದರೆ ಅವರ ಒಳ್ಳೆಯ ಯೋಚನೆಗಳೇ ತಂಡಕ್ಕೆ ಸಿಗುವುದಿಲ್ಲ. ಜೊತೆಗಾರರಿಗೆ ನೇರವಾಗಿ ಹೇಳಿ: ನನಗೆ ಇಪ್ಪತ್ತು ನಿಮಿಷ ಒಬ್ಬರೇ ನೋಡಬೇಕು, ಆಮೇಲೆ ಕೂರೋಣ. ಇಬ್ಬರೂ ಬೇರೆ ಬೇರೆ ಯೋಚಿಸಿ ಬಂದು ಎರಡು ದಾರಿಗಳನ್ನು ಹೋಲಿಸಿದರೆ ಇನ್ನೂ ಒಳ್ಳೆಯದೇ.

ಹಾಗಂತ ಪೂರ್ತಿ ತಪ್ಪಿಸಿಕೊಳ್ಳಬೇಡಿ. ಮೊದಮೊದಲು ಆಗುವ ಮುಜುಗರದಲ್ಲಿ ಬಹುಪಾಲು, ಬೇರೆಯವರು ನೋಡುತ್ತಿರುವಾಗ ತಪ್ಪು ಟೈಪ್ ಮಾಡುವ ಅಳುಕು. ನಾಲ್ಕು ಸಲ ಕೂತರೆ ಅದು ಹೋಗುತ್ತದೆ. ಅದು ಹೋದ ಮೇಲೂ ಕಷ್ಟ ಆಗುತ್ತಿದ್ದರೆ ಅದಕ್ಕೆ ಕಾರಣ ಬೇರೆ, ತಂಡ ಅದನ್ನು ಗೌರವಿಸಬೇಕು.

ಜೊತೆಗಾರರು ಕೀಬೋರ್ಡ್ ಬಿಡುವುದೇ ಇಲ್ಲ!

ಟೈಮರ್ ಇಡಿ. ಟೈಮರ್ ಜೊತೆ ಯಾರೂ ಜಗಳ ಆಡುವುದಿಲ್ಲ. ಇನ್ನೊಂದು ದಾರಿ ಪಿಂಗ್‌ಪಾಂಗ್: ಒಬ್ಬರು ಫೇಲ್ ಆಗುವ ಟೆಸ್ಟ್ ಬರೆಯುತ್ತಾರೆ, ಇನ್ನೊಬ್ಬರು ಅದು ಪಾಸ್ ಆಗುವಷ್ಟು ಕೋಡ್ ಬರೆದು, ಮುಂದಿನ ಟೆಸ್ಟ್ ತಾವು ಬರೆದು ಕೀಬೋರ್ಡ್ ದಾಟಿಸುತ್ತಾರೆ. ಸರದಿ ತಾನಾಗಿ ಬರುತ್ತದೆ.

ನ್ಯಾವಿಗೇಟರ್ ಕಡೆಯಿಂದಲೂ ತಪ್ಪಾಗುತ್ತದೆ. ಪ್ರತಿ ಅಕ್ಷರಕ್ಕೂ ಅಲ್ಲಿ ತಪ್ಪು, ಇಲ್ಲಿ ತಪ್ಪು ಅಂದರೆ ಬರೆಯುವವರಿಗೆ ಕೈ ಕಟ್ಟಿದಂತಾಗುತ್ತದೆ. ಟೈಪಿಂಗ್ ತಪ್ಪು ಕಂಡರೆ ಸಾಲು ಮುಗಿಯುವವರೆಗೆ ತಾಳಿ, ಸಾಮಾನ್ಯವಾಗಿ ಅವರೇ ಸರಿ ಮಾಡಿಕೊಳ್ಳುತ್ತಾರೆ. ದೊಡ್ಡ ಅನುಮಾನವಾದರೆ ಮಾತ್ರ ತಕ್ಷಣ ಹೇಳಿ.

ಒಬ್ಬರನ್ನು ಕಂಡರೆ ಎಲ್ಲರೂ ಜೋಡಿಯಾಗಲು ಹಿಂಜರಿಯುತ್ತಿದ್ದರೆ ಆ ಮಾತು ಟೈಮರ್‌ಗೆ ಬಿಡುವಂಥದ್ದಲ್ಲ. ತಂಡದ ಹಿರಿಯರು ಅವರ ಜೊತೆ ಕೂತು ಮಾತಾಡಬೇಕು.

ಬೇರೆ ಬೇರೆ ಜಾಗದಿಂದ ಕೆಲಸ ಮಾಡುವವರು ಹೇಗೆ ಮಾಡುವುದು?

ಆರಾಮಾಗಿ ಆಗುತ್ತದೆ. ವಿಶುವಲ್ ಸ್ಟುಡಿಯೋ ಕೋಡ್‌ನ ಲೈವ್ ಶೇರ್ ಥರದ ಟೂಲ್‌ಗಳಲ್ಲಿ ಇಬ್ಬರೂ ತಮ್ಮ ತಮ್ಮ ಎಡಿಟರ್‌ನಿಂದಲೇ ಒಂದೇ ಫೈಲ್‌ನಲ್ಲಿ ಬರೆಯಬಹುದು. ಟರ್ಮಿನಲ್‌ನಲ್ಲೇ ಕೆಲಸ ಮಾಡುವ ಮಂದಿಗೆ ಒಂದೇ ಟರ್ಮಿನಲ್ ಹಂಚಿಕೊಳ್ಳುವ ಟಿಮಕ್ಸ್ ಟೂಲ್ ಸಾಕು. ಟೂಲ್‌ಗಿಂತ ಮುಖ್ಯ ಧ್ವನಿ. ಒಳ್ಳೆಯ ಮೈಕ್ ಇರಲಿ. ಬರೀ ಸ್ಕ್ರೀನ್ ಶೇರ್ ಆದರೆ ಕೀಬೋರ್ಡ್ ಬದಲಿಸುವುದು ಕಷ್ಟ, ಒಬ್ಬರು ಪ್ರೇಕ್ಷಕರಾಗಿಬಿಡುತ್ತಾರೆ. ಅದಕ್ಕೆ ಉಪಾಯ ಚಿಕ್ಕ ಚಿಕ್ಕ ಕಮಿಟ್: ಪುಶ್ ಮಾಡಿ, ಇನ್ನೊಬ್ಬರು ಪುಲ್ ಮಾಡಿ ಮುಂದುವರಿಸಲಿ.

ಮ್ಯಾನೇಜರ್ ಆಗಿ ಯಾರು ಎಷ್ಟು ಮಾಡಿದರು ಅಂತ ಹೇಗೆ ಅಳೆಯಲಿ?

ಕೋಡ್ ಬದಲಾವಣೆ ದಾಖಲಿಸುವ ಗಿಟ್ ಟೂಲ್‌ನಲ್ಲಿ ಕಮಿಟ್ ಸಂದೇಶದ ಕೊನೆಯಲ್ಲಿ 'ಕೋ-ಆಥರ್ಡ್-ಬೈ' ಎಂಬ ಸಾಲು ಸೇರಿಸಿದರೆ ಕೋಡ್ ಇಡುವ ತಾಣ ಗಿಟ್‌ಹಬ್ ಇಬ್ಬರ ಹೆಸರನ್ನೂ ತೋರಿಸುತ್ತದೆ. 2018ರಿಂದ ಈ ಸೌಲಭ್ಯವಿದೆ. ಹೆಸರು ಬರಲಿ, ಅದು ನ್ಯಾಯ. ಆದರೆ ಒಬ್ಬೊಬ್ಬರ ಕಮಿಟ್ ಎಣಿಸಿ ಅಪ್ರೈಸಲ್ ಮಾಡುವ ಕಡೆ ಪೇರ್ ಪ್ರೋಗ್ರಾಮಿಂಗ್ ಬದುಕುವುದಿಲ್ಲ. ಜೊತೆಗಾರರಿಗೆ ಸಹಾಯ ಮಾಡಿದ ಹೊತ್ತು ತನ್ನ ಅಂಕ ಕಳೆಯುತ್ತದೆ ಅಂತ ಗೊತ್ತಾದ ಮೇಲೆ ಯಾರು ತಾನೇ ಕೂರುತ್ತಾರೆ?

ತಂಡವನ್ನು ನೋಡಿ. ಪ್ರೊಡಕ್ಷನ್‌ಗೆ ಹೋದ ಮೇಲೆ ವಾಪಸ್ ಬರುವ ಬಗ್ ಕಮ್ಮಿಯಾಯಿತೇ? ಕೆಲಸ ಶುರುವಾದ ದಿನದಿಂದ ಬಳಕೆದಾರರ ಕೈ ಸೇರುವವರೆಗೆ ಎಷ್ಟು ದಿನ ಹಿಡಿಯುತ್ತಿದೆ? ಹೊಸಬರು ಮೊದಲ ಬದಲಾವಣೆ ಮರ್ಜ್ ಮಾಡಿದ್ದು ಎಷ್ಟನೇ ದಿನ? ಒಬ್ಬರೇ ಬಲ್ಲ ಮೂಲೆಗಳು ಇನ್ನೂ ಎಷ್ಟು ಉಳಿದಿವೆ? ಈ ನಾಲ್ಕೂ ಅಳೆಯಬಹುದಾದವೇ.

ಎಐ ಜೊತೆಗಾರ ಇದ್ದ ಮೇಲೆ ಮನುಷ್ಯ ಜೊತೆಗಾರ ಯಾಕೆ?

2021ರಲ್ಲಿ ಗಿಟ್‌ಹಬ್ ಕೋಪೈಲಟ್ ಬಂದದ್ದೇ ಎಐ ಪೇರ್ ಪ್ರೋಗ್ರಾಮರ್ ಎಂಬ ಹೆಸರಿನಲ್ಲಿ. ಕೋಡ್ ಬರೆಯಲು, ಗೊತ್ತಿಲ್ಲದ ಎಪಿಐ ಹುಡುಕಲು ಅದು ತುಂಬಾ ಒದಗುತ್ತದೆ. ಆದರೆ ನೀವು ಅದರ ಜೊತೆ ದಿನವಿಡೀ ಕೂತು ಬಿಲ್ಲಿಂಗ್ ಕೋಡ್ ಬದಲಿಸಿದರೆ ಸಂಜೆ ಆ ಕೋಡ್ ಬಲ್ಲವರು ತಂಡದಲ್ಲಿ ಇನ್ನೂ ಒಬ್ಬರೇ. ಕೆಲವೊಮ್ಮೆ ಅದೂ ಇಲ್ಲ, ಯಾಕೆಂದರೆ ಬಂದದ್ದನ್ನು ಓದದೆ ಒಪ್ಪಿಕೊಂಡಿರುತ್ತೀರಿ. ಇಬ್ಬರು ಕೂತು ಎಐ ಬಳಸುವುದು ನನಗೆ ಹೆಚ್ಚು ಸರಿ ಅನಿಸುತ್ತದೆ. ಅದು ಸರಸರ ಬರೆದು ಕೊಟ್ಟಿದ್ದನ್ನು ಇದು ಯಾಕೆ ಹೀಗಿದೆ ಅಂತ ಕೇಳುವವರೊಬ್ಬರು ಪಕ್ಕದಲ್ಲೇ ಇರುತ್ತಾರೆ.

ಮಾಬ್ ಪ್ರೋಗ್ರಾಮಿಂಗ್ ಅಂದರೆ?

ಇಡೀ ತಂಡ ಒಂದೇ ಸ್ಕ್ರೀನ್ ಮುಂದೆ ಕೂರುವುದು. ವುಡಿ ಜುಯಿಲ್ ಅವರಿಂದ ಹೆಸರಾಯಿತು. ಎಲ್ಲರಿಗೂ ಗೊತ್ತಾಗಬೇಕಾದ ದೊಡ್ಡ ವಿನ್ಯಾಸದ ತೀರ್ಮಾನಕ್ಕೆ ಒಂದು ಮಧ್ಯಾಹ್ನ ಹೀಗೆ ಕೂರುವುದು ಒಳ್ಳೆಯದು.

ಶುರು ಮಾಡಬೇಕು ಅಂತಿದ್ದೇವೆ. ಎಲ್ಲಿಂದ?

ಎಲ್ಲರಿಗೂ ಕಡ್ಡಾಯ ಮಾಡಬೇಡಿ. ಇಷ್ಟಪಟ್ಟು ಮುಂದೆ ಬಂದ ಇಬ್ಬರಿಂದ ಶುರು ಮಾಡಿ. ಸ್ಪ್ರಿಂಟ್‌ನಲ್ಲಿ (ಕೆಲವು ವಾರಗಳ ಕೆಲಸದ ಸುತ್ತಿನಲ್ಲಿ) ಎಲ್ಲರೂ ಮುಟ್ಟಲು ಹೆದರುವ ಒಂದು ಟಿಕೆಟ್ ಆರಿಸಿ. ದಿನಕ್ಕೆ ಎರಡು ಗಂಟೆ, ಮೀಟಿಂಗ್ ಇಲ್ಲದ ಹೊತ್ತು ಇರಲಿ. ಕೂರುವ ಮೊದಲು ಇವತ್ತು ಎಲ್ಲಿಗೆ ಮುಟ್ಟಬೇಕು ಅಂತ ಒಂದು ಸಾಲು ಬರೆದುಕೊಳ್ಳಿ. ಇಬ್ಬರೂ ಚಾಟ್ ನೋಟಿಫಿಕೇಶನ್ ಬಂದ್ ಮಾಡಿ.

ಮೊದಲ ಸಲ ನಿಧಾನ ಅನಿಸುತ್ತದೆ. ಯೂಟಾದ ವಿದ್ಯಾರ್ಥಿಗಳಿಗೂ ಹಾಗೇ ಆಗಿತ್ತು. ಮೊದಲ ದಿನವೇ ತೀರ್ಪು ಕೊಡದೆ ಎರಡು ಸ್ಪ್ರಿಂಟ್ ನೋಡಿ. ಆಮೇಲೆ ರೆಟ್ರೋದಲ್ಲಿ (ಸ್ಪ್ರಿಂಟ್ ಹೇಗೆ ನಡೆಯಿತು ಅಂತ ತಂಡ ಮಾತಾಡುವ ಮೀಟಿಂಗ್‌ನಲ್ಲಿ) ಇಷ್ಟವಾಗಲಿಲ್ಲ ಅನ್ನುವವರನ್ನು ಮೊದಲು ಮಾತಾಡಿಸಿ. ಜೋಡಿ ಹೇಗೆ ಬದಲಿಸಬೇಕು, ಯಾವ ಕೆಲಸ ಬಿಡಬೇಕು ಅನ್ನುವುದರ ಸುಳಿವು ಹೆಚ್ಚಾಗಿ ಸಿಗುವುದು ಅವರಿಂದಲೇ.